ಕೆಳತುಟಿಯ ಹಿಂದಿನ ಜಾಗ

ಆ ದಿನ ಅಕ್ಕ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ರೊಟ್ಟಿಗೆ ಬಾರದ ಹಳೆಯ ಹಂಚಿನ ಮೇಲೆ ತಂಬಾಕಿನ ಎಲೆ ಹುರಿಯುತ್ತಿದ್ದಳು. ಘಾಟಿಗೆ ನಾವಿಬ್ಬರೂ ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತಿದ್ದೆವು. ಎಲೆ ಕರಿಯಾಗುವವರೆಗೆ ಹುರಿದು, ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದರೆ ಅದೇ ಮಿಸ್ರಿ. ಮುಂಜಾನೆ ಎದ್ದ ಕೂಡಲೇ ಅದನ್ನು ಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕಿಕೊಳ್ಳುತ್ತೇವೆ. ಅದಾಗದೆ ನಮ್ಮ ಓಣಿಯ ಹೆಂಗಸರಿಗೆ ದಿನ ಶುರುವಾಗುವುದಿಲ್ಲ. ತಿಕ್ಕಿ ಉಳಿದದ್ದು ಕೆಳತುಟಿಯ ಹಿಂದೆ, ಒಸಡಿನ ಬುಡದ ಸಂದಿಯಲ್ಲಿ ನಿಲ್ಲುತ್ತದೆ.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಭೀಮಾ ದಂಡೆಯ ಮಣ್ಣೂರಿನವಳು. ಮೊದಲ ಬಸಿರಿನಲ್ಲಿ ನನ್ನ ದವಡೆ ಹಲ್ಲು ನೋಯುತ್ತಿದ್ದಾಗ ಮಿಸ್ರಿ ತಿಕ್ಕಲು ಕಲಿಸಿದ್ದು ಅವಳೇ. ಆಮೇಲೆ ಹದಿನೇಳು ವರ್ಷ ಇಬ್ಬರದೂ ಒಂದೇ ಡಬ್ಬಿ.

ಆಳಂದದಿಂದ ಹಿರೋಳ್ಳಿಗೆ ಹೋಗುವ ಹಾದಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಊರು. ಅಲ್ಲಿ ನಾನು ಆಶಾ ಕಾರ್ಯಕರ್ತೆ. ಆ ದಿನ ಮಧ್ಯಾಹ್ನ ಮೂವತ್ತು ವರ್ಷ ದಾಟಿದವರ ಆರೋಗ್ಯದ ಫಾರಂ ತುಂಬುತ್ತ ಹೊಸ್ತಿಲ ಬಳಿ ಕೂತಿದ್ದೆ. ಓಣಿಯ ಮನೆಗಳಿಗೆ ಹೋಗಿ ಕೇಳಿ ಬರೆದಿದ್ದೆ. ನಮ್ಮ ಮನೆಯದನ್ನು ಮಾತ್ರ ಯಾರನ್ನೂ ಕೇಳದೆ ಬರೆದೆ. ತಂಬಾಕು ಸೇವನೆ: ಇಲ್ಲ. ಬಾಯಲ್ಲಿ ವಾಸಿಯಾಗದ ಹುಣ್ಣು: ಇಲ್ಲ. ಅಕ್ಕನದು ಹಾಗೇ, ನನ್ನದೂ ಹಾಗೇ.

"ಏನ್ ಬೇ, ನನ್ನ ಫಾರಂ ಬರೆದಿ ಏನು?" ಹಂಚು ಕೆಳಗಿಳಿಸುತ್ತ ಅಕ್ಕ ಕೇಳಿದಳು.

"ಬರೆದೀನಿ ಅಕ್ಕಾ."

"ವಯಸ್ಸು ಎಷ್ಟ್ ಹಾಕಿದಿ?"

"ನಲವತ್ತಾರು."

"ಹತ್ತು ವರ್ಷ ಕಡಿಮಿ ಹಾಕಿದ್ರ ಸರ್ಕಾರಕ್ಕ ಏನ್ ಲುಕ್ಸಾನ್ ಆಗ್ತಿತ್ತು?"

ಸಂಜೆ ಊಟಕ್ಕೆ ಪುಂಡಿಪಲ್ಯ ಮಾಡಿದ್ದೆ. ಅವಳು ಅದನ್ನು ಸರಿಸಿಟ್ಟು ರೊಟ್ಟಿ ಮಜ್ಜಿಗೆಯಲ್ಲಿ ನೆನೆಸಿ ತಿಂದಳು. ಹುಳಿ ಉರಿಯುತ್ತದೆ ಎಂದಳು. ಪುಂಡಿ ಸೊಪ್ಪು ಬಲಿತಿರಬೇಕು ಎಂದುಕೊಂಡೆ.

ಮರುದಿನ ಮುಂಜಾನೆ ಮಿಸ್ರಿ ತಿಕ್ಕಿದ ಅವಳ ಬೆರಳಿಗೆ ರಕ್ತ ಹತ್ತಿತು. ಅವಳೇ ಕೆಳತುಟಿ ಎಳೆದು ನನಗೆ ತೋರಿಸಿದಳು. ಸಂದಿಯಲ್ಲಿ ಕಡಲೆಕಾಳಿನಷ್ಟು ಅಗಲದ ಹುಣ್ಣು, ಸುತ್ತ ಬಿಳಿ ಅಂಚು. ಮುಟ್ಟಿದರೆ ಗಟ್ಟಿ. ಮುಟ್ಟಿದ್ದು ಗೊತ್ತೇ ಆಗುವುದಿಲ್ಲ ಎಂದಳು.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಆಳಂದ, ಅಲ್ಲಿಂದ ಕಲಬುರಗಿ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ದವಡೆಯ ಎಲುಬಿಗೆ ಇಳಿದಿದೆ ಎಂದರು. ಕಲಬುರಗಿಯ ವೈದ್ಯರು ಅವಳ ತುಟಿಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ಹಿಡಿದೇ ನನ್ನನ್ನು ಕೇಳಿದರು: "ಇಷ್ಟು ದಿನ ಯಾರೂ ಹೀಗೆ ತುಟಿ ಎಳೆದು ನೋಡಲಿಲ್ಲವೇನಮ್ಮ?"

ನೋಡಿರಲಿಲ್ಲ. ಹಿಂದಿನ ವರ್ಷ ಊರಲ್ಲಿ ತಪಾಸಣೆ ಆಗಿತ್ತು, ಗುಡಿಯ ಪೌಳಿಯಲ್ಲಿ. ನಮ್ಮ ಓಣಿಯವರು ಬೌದ್ಧರು, ಊರಿನ ಲೆಕ್ಕದಲ್ಲಿ ಇನ್ನೂ ಹಳೆಯ ಕೇರಿಯವರೇ. ಯಾರೂ ಬೇಡ ಎನ್ನಲಿಲ್ಲ, ಯಾರೂ ಮೇಲೆ ಬನ್ನಿ ಎನ್ನಲೂ ಇಲ್ಲ. ಕಟ್ಟೆಯ ಕೆಳಗೆ ಸಾಲು ನಿಂತರು. ತಪಾಸಣೆಗೆ ಬಂದವರು ಮೇಲಿನಿಂದಲೇ ಬ್ಯಾಟರಿ ಹಾಯಿಸಿ, 'ಆ' ಅನ್ನಿಸಿ, ಮುಂದಿನವರನ್ನು ಕರೆದರು. ಅವರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದು ನಾನು. ಬಿಸಿಲಿಗೆ ಮುಂಚೆ ಮುಗಿಯಿತಲ್ಲ ಎಂದು ಸಮಾಧಾನಪಟ್ಟವಳೂ ನಾನೇ.

ಅಕ್ಕನ ವಾರ್ಡಿನಲ್ಲಿ ಎಡಗಡೆ ಜೇವರ್ಗಿ ಕಡೆಯ ತಾಂಡಾದ ಲಂಬಾಣಿ ಮುದುಕಿ, ಬಲಗಡೆ ಅಫಜಲಪುರದ ಮುಸ್ಲಿಂ ಹೆಂಗಸು. ಒಂದು ದಿನ ಹೊಸ ನರ್ಸ್ ಬಂದು ಮೂವರ ಹಾಳೆಯನ್ನೂ ಮತ್ತೆ ತುಂಬಿದಳು. ತಂಬಾಕು ತಿನ್ನುತ್ತೀರಾ ಎಂದು ಕೇಳಿದಳು. ಇಬ್ಬರು ಇಲ್ಲ ಎಂದರು, ಅಕ್ಕ ಇಲ್ಲವೆಂದು ಕೈ ಆಡಿಸಿದಳು. ಅವಳು ಆಚೆ ಹೋದ ಮೇಲೆ ಮುದುಕಿ ಸೊಂಟದ ಗಂಟಿನಿಂದ ಡಬ್ಬಿ ತೆಗೆದು ಅಕ್ಕನ ಕಡೆ ಚಾಚಿದಳು. "ತಗೋ ಬಾಯಿ, ಜರಾ ಹಚ್ಚಿಕೋ. ಬಾಯಿ ಹೊಲಸಾಗ್ಯದ ಔಷಧಿಗೆ."

ದವಡೆ ಕೊಯ್ದು ಪಟ್ಟಿ ಕಟ್ಟಿದ್ದರಿಂದ ಅಕ್ಕ ಮಾತಾಡುವ ಹಾಗಿರಲಿಲ್ಲ. ಕೈ ಅಡ್ಡ ಆಡಿಸಿ ಬೇಡ ಎಂದಳು. ಆ ಡಬ್ಬಿ ನೋಡಿದಾಗ ನನಗೆ ನನ್ನ ಫಾರಂಗಳು ನೆನಪಾದವು. ಓಣಿಯ ಅಷ್ಟೂ ಹೆಂಗಸರ ಹೆಸರಿನ ಮುಂದೆ 'ಇಲ್ಲ' ಎಂದೇ ಬರೆದಿದ್ದೆ. ಅವರು ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ತಂಬಾಕು ತಿನ್ನುವವರು ಗಂಡಸರು. ನಾವು ತಿಕ್ಕುವುದು ಹಲ್ಲಿಗೆ.

ಅಕ್ಕ ಮುಂದಿನ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು. ಓಣಿಯ ಬುದ್ಧ ವಿಹಾರದಲ್ಲಿ ವಂದನೆ ಹೇಳಿ ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ನಾನು ಏನೂ ಮಾಡಲಿಲ್ಲ. ನಾಲ್ಕನೆಯ ದಿನ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು. ಮುಂಜಾನೆ ಹೊಟ್ಟೆ ಸ್ವಚ್ಛವಾಗುತ್ತಿರಲಿಲ್ಲ, ಮಕ್ಕಳ ಮೇಲೆ ಸುಮ್ಮನೆ ರೇಗುತ್ತಿದ್ದೆ. ಎರಡು ಬಾರಿ ತಿಪ್ಪೆಯ ತನಕ ಹೋಗಿ ನೋಡಿ ಬಂದಿದ್ದೇನೆ. ಅದನ್ನು ಹೇಳಲು ನಾಚಿಕೆ ಇಲ್ಲ. ಮುಂದೆ ಮಾಡಿದ ಕೆಲಸಕ್ಕೆ ಅದು ಬೇಕಾಯಿತು.

ತಿಂಗಳ ಸಭೆಯ ದಿನ ಉಪಕೇಂದ್ರದ ಆರೋಗ್ಯ ಅಧಿಕಾರಿಗೆ ವಿಷಯ ಹೇಳಿದೆ. ಹಾಸನ ಕಡೆಯ ಹುಡುಗಿ, ಬಂದು ಎಂಟು ತಿಂಗಳಾಗಿತ್ತು.

"ಮಿಸ್ರಿ ಅಂದ್ರೆ ಏನಕ್ಕ?"

ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. "ನಿಮ್ಮೂರಲ್ಲಿ ಹೆಂಗಸರು ಎಲೆ ಅಡಿಕೆ ಹಾಕ್ಕೊಂಡು ಹಲ್ಲು ಕಪ್ಪು ಮಾಡ್ಕೊಂಡಿದ್ದಾರೆ ಅಂದ್ಕೊಂಡಿದ್ದೆ."

"ಫಾರಂ ಮತ್ತೊಮ್ಮೆ ಕೇಳಬೇಕ್ರಿ ಮೇಡಂ, ಮೊದಲಿಂದ."

"ಅಷ್ಟೂ ಮನೆನಾ?"

"ಹೌದ್ರಿ. ತಪ್ಪು ಬರೆದಾಕಿ ನಾನೇ."

ಓಣಿಯ ಹೆಂಗಸರು ಆಗ ತೊಗರಿ ಹೊಲದಲ್ಲಿ ಕಸ ತೆಗೆಯಲು ಹೋಗುತ್ತಿದ್ದರು. ಸಂಜೆ ಅವರು ಬಂದು ಒಲೆ ಹಚ್ಚುವ ಹೊತ್ತಿಗೆ ಹೋಗುತ್ತಿದ್ದೆ. ತಂಬಾಕಿನ ಮಾತೇ ಎತ್ತುತ್ತಿರಲಿಲ್ಲ. ಮಿಸ್ರಿ ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ, ಯಾವ ಕಡೆ ನಿಲ್ಲಿಸುತ್ತೀರಿ ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ಎಲ್ಲರೂ ಹೇಳಿದರು. ಮುಂಜಾನೆ ಒಮ್ಮೆ ಎಂದು ಶುರುಮಾಡಿದವರು ಎಣಿಸುತ್ತ ಎಣಿಸುತ್ತ ಆರು ಏಳು ಸಲಕ್ಕೆ ಬಂದು ತಾವೇ ಗಾಬರಿಯಾಗುತ್ತಿದ್ದರು.

"ನೀನೂ ತಿಕ್ಕತಿದ್ದೆಲ್ಲ ಬೇ, ಈಗ ನಮಗ ಶಾಣ್ಯಾತನ ಹೇಳಾಕ ಬಂದಿ?" ಎಂದು ಕೇಳಿದವಳು ನಮ್ಮ ಮನೆಯಿಂದ ಮೂರನೆಯ ಮನೆಯ ಸೊಸೆ. ಪ್ರತಿವರ್ಷ ಗಂಡನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಾಳೆ. ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳು, ಬಾಯಿ ಜೋರು.

"ಬಿಟ್ಟೀನಿ. ತಲಿ ಇನ್ನೂ ನೋಯ್ತದ."

"ಹಂಗಾರ ನಾ ಬಿಡಂಗಿಲ್ಲ, ನನಗ ತಲಿ ಒಂದೇ ಅದ."

ನಗುತ್ತಲೇ ತನ್ನ ತುಟಿ ಎಳೆದು ನೋಡಲು ಬಿಟ್ಟಳು. ಕರಿ ಪುಡಿ ಮೆತ್ತಿಕೊಂಡಿತ್ತು, ಏನೂ ಕಾಣಲಿಲ್ಲ. ಆದರೆ ನನ್ನ ಬೆರಳಿಗೆ ಒಂದು ಕಡೆ ಚರ್ಮ ಒರಟಾಗಿ, ದಪ್ಪವಾಗಿ ತಾಗಿತು. ಅಕ್ಕನದು ಇದ್ದ ಜಾಗವೇ. ನನ್ನ ಬೆರಳು ವೈದ್ಯರ ಬೆರಳಲ್ಲ. ಆದರೆ ಅವಳು ಟ್ರಕ್ ಹತ್ತುವ ಮುಂಚೆ ಈ ಬಾಯಿಯನ್ನು ವೈದ್ಯರು ನೋಡಬೇಕು ಎಂದು ಅಂದೇ ಗಟ್ಟಿಮಾಡಿಕೊಂಡೆ. ದಸರಾ ಮುಗಿದ ಮೇಲೆ ಕಬ್ಬು ಕಡಿಯುವವರನ್ನು ಒಯ್ಯಲು ಟ್ರಕ್ಕುಗಳು ಬರುತ್ತವೆ. ಹೋದವರು ತಿರುಗಿ ಬರುವುದು ಯುಗಾದಿಗೆ.

ಆರೋಗ್ಯ ಅಧಿಕಾರಿ ಮೇಡಂ ನಾಲ್ಕು ಪತ್ರ ಬರೆದು, ಎರಡು ಬಾರಿ ತಾನೇ ಹೋಗಿ, ತಾಲೂಕಿನಿಂದ ದಂತ ವೈದ್ಯರನ್ನು ಒಂದು ದಿನಕ್ಕೆ ಒಪ್ಪಿಸಿದಳು. ಗುಡಿಯ ಪೌಳಿ ಬೇಡ, ನಮ್ಮ ಓಣಿಯ ವಿಹಾರದಲ್ಲಿ ಆಗಲಿ ಎಂದು ಕೇಳಿದೆ. ಆಯಿತು. ಹಿಂದಿನ ದಿನ ನಾನು ಮನೆಮನೆಗೆ ಹೋಗಿ ಹೇಳಿದೆ: "ನಾಳೆ ಡಾಕ್ಟರ್ ಬರ್ತಾರ. ಬಾಯಿ ಸ್ವಚ್ಛ ಮಾಡ್ಕೊಂಡು ಬರ್ರಿ."

ಎಲ್ಲರೂ ಬಂದರು. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದರು. ಮೊದಲನೆಯವಳು ಬಾಯಿ ತೆರೆದಳು. ಕಪ್ಪು. ಎರಡನೆಯವಳು, ಕಪ್ಪು. ಡಾಕ್ಟರ್ ಮುಂದೆ ಹೊಲಸು ಬಾಯಿ ತೆರೆಯಬಾರದು ಎಂದು ಅಷ್ಟೂ ಜನ ಎರಡೆರಡು ಸಲ ಮಿಸ್ರಿ ತಿಕ್ಕಿ ಬಂದಿದ್ದರು. ಹದಿನೇಳು ವರ್ಷ ತಿಕ್ಕಿದ ನನಗೆ ಇದು ಹೊಳೆಯಬೇಕಿತ್ತು. ನಮ್ಮಲ್ಲಿ ಬಾಯಿ ಸ್ವಚ್ಛ ಮಾಡಿಕೊಳ್ಳುವುದು ಅಂದರೆ ಅದೇ.

ಬಾಯಿ ಮುಕ್ಕಳಿಸಲು ಇದ್ದದ್ದು ಒಂದು ಕೊಡ ನೀರು. ಅಂದು ನಳದ ಪಾಳಿ ನಮ್ಮ ಓಣಿಗೆ ಇರಲಿಲ್ಲ. ಐದಾರು ಜನ ಮುಕ್ಕಳಿಸುವಷ್ಟರಲ್ಲಿ ಕೊಡ ಮುಗಿಯಿತು. ಮುಕ್ಕಳಿಸಿದರೂ ಸಂದಿಯ ಕರಿ ಹೋಗಲಿಲ್ಲ. ದಂತ ವೈದ್ಯರು ಕೈಗವಸು ತೆಗೆದರು.

"ಸಿಟ್ಟಿಲ್ಲಮ್ಮ, ಆದರೆ ಕಾಣದ್ದನ್ನು ನಾನು ಏನೆಂದು ಬರೆಯಲಿ? ಮುಂದಿನ ತಿಂಗಳು ನೋಡೋಣ. ಇಲ್ಲವೆ ಅನುಮಾನ ಇದ್ದವರನ್ನು ಆಳಂದಕ್ಕೆ ಕರೆತನ್ನಿ."

ಮೂರನೆಯ ಮನೆಯ ಆ ಕಬ್ಬಿನವಳು ನನ್ನ ಭುಜ ತಟ್ಟಿದಳು. "ಪಾಪ, ಎಷ್ಟ್ ಚಂದ ತಿಕ್ಕೊಂಡ್ ಬಂದಿದ್ವಿ. ಡಾಕ್ಟರ್‌ಗೆ ಮನಸ್ಸಿಗೇ ಬರಲಿಲ್ಲ." ವಿಹಾರದ ತುಂಬ ನಗು. ನಾನು ಮನೆಗೆ ಹೋಗಿ ಒಳಬಾಗಿಲು ಹಾಕಿಕೊಂಡು ಅತ್ತೆ. ಆ ವಾರವೇ ಮೊದಲ ಟ್ರಕ್ ಬಂತು. ಓಣಿಯ ನಾಲ್ಕು ಜೋಡಿ ಹೊರಟುಹೋದವು. ಕಬ್ಬಿನವಳ ಟ್ರಕ್ಕಿಗೆ ಇನ್ನು ಹನ್ನೆರಡು ದಿನ ಇತ್ತು.

ಆ ಟ್ರಕ್ ಹೋದ ಮರುದಿನ ಉಪಕೇಂದ್ರಕ್ಕೆ ಹೋಗಿ ಹೇಳಿದೆ. ಬಾಯಿ ನೋಡುವುದಾದರೆ ಮುಂಜಾನೆ ಎದ್ದ ಕೂಡಲೇ, ಮಿಸ್ರಿ ಮುಟ್ಟುವ ಮೊದಲು. ಅದಕ್ಕೆ ಅವರು ಇಲ್ಲಿಗೆ ಬರುವುದಲ್ಲ, ನಾವು ಅವರ ಬಾಗಿಲಿಗೆ ಹೋಗುವುದು.

"ಎದ್ದ ತಕ್ಷಣ ಕೈ ಡಬ್ಬಿಗೇ ಹೋಗುತ್ತೆ ಅಂದ್ರಲ್ಲ?"

"ಡಬ್ಬಿ ನನ್ನ ಹತ್ರ ಇರ್ತದ್ರಿ. ಹಿಂದಿನ ದಿನ ಸಂಜೀಕ ಇಸ್ಕೊಂಡ್ ಬರ್ತೇನಿ, ಬಾಯಿ ನೋಡಿದ ಮ್ಯಾಲ ವಾಪಸ್ ಕೊಡ್ತೇನಿ."

"ವಾಪಸ್ಸಾ? ನಾವೇ ನಮ್ಮ ಕೈಯಾರೆ ತಂಬಾಕು ಕೊಡೋದಾ? ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಇದನ್ನೇ ನಾನು ರಾತ್ರಿಯೆಲ್ಲ ಯೋಚಿಸಿದ್ದೆ. ಬಿಡಿ ಎಂದರೆ ಡಬ್ಬಿಯೂ ಕೊಡುವುದಿಲ್ಲ, ಬಾಯಿಯೂ ತೆರೆಯುವುದಿಲ್ಲ. ನಾನೇ ತಿಪ್ಪೆಯ ತನಕ ಹೋಗಿ ಬಂದವಳು. "ಬಿಡಸೋದು ಆಮ್ಯಾಲ ನೋಡೋಣ್ರಿ. ಮೊದಲ ನೋಡೋಣ. ಕೇಳಿದವರಿಗೆ ಆಶಾ ಮಾಡ್ಯಾಳ ಅಂತ ಹೇಳ್ರಿ" ಎಂದೆ.

ಅವಳು ಕೈಗವಸಿನ ಡಬ್ಬಿ ಎತ್ತಿಕೊಂಡಳು. "ಬಾಯಿ ಪರೀಕ್ಷೆಗೆ ನನಗೆ ತರಬೇತಿ ಆಗಿದೆ ಅಕ್ಕ. ಆದ್ರೆ ಒಂದು ಸಲಾನೂ ಮಾಡಿಲ್ಲ."

"ಮೊದಲ ನಂದೇ ನೋಡ್ರಿ."

ವಿಹಾರದ ಮೆಟ್ಟಿಲ ಮೇಲೆ, ನಳದ ಪಾಳಿಗೆ ಕೊಡ ಇಟ್ಟು ಕಾಯುತ್ತಿದ್ದ ಹೆಂಗಸರ ಎದುರಿಗೆ ನಾನು ಬಾಯಿ ತೆರೆದೆ. ಕ್ರಮ ಹೀಗಿತ್ತು. ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹಿಡಿಸುತ್ತವೆಯೇ ನೋಡುವುದು. ಎರಡೂ ಕೆನ್ನೆಯ ಒಳಭಾಗ. ನಾಲಿಗೆ ಮೇಲೆತ್ತಿಸಿ ಕೆಳಗೆ. ಕಡೆಗೆ ಕೆಳತುಟಿಯನ್ನು ಪೂರ್ತಿ ಮಗುಚಿ, ಹಸಿ ಅರಳೆಯಿಂದ ಸಂದಿಯನ್ನು ಒರೆಸಿ, ಬ್ಯಾಟರಿ ಹಿಡಿಯುವುದು. ಒರೆಸಿದರೆ ಹೋಗುವ ಬಿಳಿ ಚಿಂತೆಯಿಲ್ಲ. ಹೋಗದ ಬಿಳಿ ಅಥವಾ ಕೆಂಪು ಇದ್ದರೆ ಬರೆದುಕೊಳ್ಳುವುದು. ನನ್ನ ಸಂದಿಯಲ್ಲಿ ಚರ್ಮ ಸುಕ್ಕುಗಟ್ಟಿ ಬಿಳುಚಿತ್ತು. ಮೇಡಂ ಅದನ್ನು ಗಟ್ಟಿಯಾಗಿ ಹೇಳಿ ಬರೆದುಕೊಂಡಳು. ಹೆಂಗಸರು ಕೊಡ ಬಿಟ್ಟು ಬಂದು ಬಗ್ಗಿ ಬಗ್ಗಿ ನೋಡಿದರು.

ಅಂದು ಸಂಜೆಯಿಂದ ದಿನಕ್ಕೆ ಐದು ಮನೆ. ಮಿಸ್ರಿ ತುಂಬಿಟ್ಟ ಕ್ರೀಮಿನ ಡಬ್ಬಿ, ಗುಳಿಗೆಯ ಡಬ್ಬಿ, ಸುಣ್ಣದ ಡಬ್ಬಿ. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ ಚೀಲದಲ್ಲಿ ತರುತ್ತಿದ್ದೆ. ಮುಂಜಾನೆ ನಾನು ಹೋಗುವಷ್ಟರಲ್ಲಿ ಅವರು ಬಾಗಿಲಲ್ಲೇ ಕೂತಿರುತ್ತಿದ್ದರು. ಡಬ್ಬಿಯ ದಾರಿ ಕಾಯುತ್ತಿದ್ದರು, ನನ್ನದಲ್ಲ.

"ಮಿಸ್ರಿ ಹಚ್ಚಲಾರದ ನನಗ ಕಣ್ಣೇ ತೆರೆಯಂಗಿಲ್ಲ, ಬಾಯಿ ಹ್ಯಾಂಗ ತೆರೀಲಿ?" ಎಂದು ಒಬ್ಬ ಅಜ್ಜಿ ಬೈದಳು. ಇನ್ನೊಬ್ಬ ಅಜ್ಜಿ ಎರಡನೆಯ ಡಬ್ಬಿ ಬಚ್ಚಿಟ್ಟಿದ್ದಳು. ತೆರೆದ ಬಾಯಿ ಕಪ್ಪಾಗಿತ್ತು. "ಎಲ್ಲಿಂದ ಬಂತಜ್ಜಿ ಇದು?" ಎಂದು ಮೇಡಂ ಕೇಳಿದರೆ, "ನಿನ್ನೀದು ಉಳಿದಿತ್ತ ತಂಗಿ" ಎಂದಳು. ಅವಳ ಮನೆಗೆ ಮರುದಿನ ಮತ್ತೆ ಹೋದೆವು.

ಕಬ್ಬಿನವಳ ಮನೆ ನಾಲ್ಕನೆಯ ದಿನ. ಒರೆಸಿದರೆ ಹೋಗದ ಬಿಳಿ, ಹೆಬ್ಬೆರಳಿನ ಉಗುರಿನಷ್ಟು, ನಡುವೆ ಒಂದು ಕೆಂಪು ಚುಕ್ಕೆ. ಮೇಡಂ ನನ್ನ ಮುಖ ನೋಡಿದಳು. ಅವಳ ಕೈಯಿಂದ ಬ್ಯಾಟರಿ ತೆಗೆದುಕೊಂಡು ನಾನೂ ನೋಡಿದೆ. ಕಬ್ಬಿನವಳನ್ನೂ, ಬಿಳಿ ಕಂಡ ಇನ್ನಿಬ್ಬರನ್ನೂ ಅದೇ ದಿನ ಮೊದಲ ಬಸ್ಸಿಗೆ ಆಳಂದಕ್ಕೆ ಕರೆದುಕೊಂಡು ಹೋದೆ. ದಂತ ವೈದ್ಯರು ಆ ಇಬ್ಬರನ್ನೂ ನನ್ನನ್ನೂ ಮೂರು ತಿಂಗಳ ಮೇಲೆ ಬರಲು ಹೇಳಿದರು. ಕಬ್ಬಿನವಳಿಗೆ ಕಲಬುರಗಿಗೆ ಚೀಟಿ ಬರೆದರು. ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ವರದಿಗೆ ಹತ್ತು ದಿನ, ಅದನ್ನು ನೋಡಿ ಮುಂದಿನದು. ಟ್ರಕ್ಕಿಗೆ ಉಳಿದದ್ದು ಏಳು ದಿನ.

ಸಂಜೆ ಅವಳ ಗಂಡನ ಹತ್ತಿರ ಮಾತಾಡಿದೆ.

"ಜೋಡಿ ಬರೆಸೀನಿ ಅಕ್ಕಾ" ಎಂದ ಅವನು. ಕಬ್ಬಿನ ಕೆಲಸ ಜೋಡಿಯ ಲೆಕ್ಕ, ಕೂಲಿಯವರನ್ನು ಒಯ್ಯುವ ಮೇಸ್ತ್ರಿ ಮುಕಾದಮ ಜೋಡಿಯನ್ನೇ ಬರೆದುಕೊಳ್ಳುತ್ತಾನೆ. ಒಬ್ಬರು ಕಡಿಯಬೇಕು, ಒಬ್ಬರು ಹೊರೆ ಕಟ್ಟಿ ಹೊರಬೇಕು. "ಒಬ್ಬನೇ ಹೋದ್ರ ಮುಕಾದಮ ಟ್ರಕ್ ಹತ್ತಿಸ್ಕೊಳ್ಳಂಗಿಲ್ಲ. ಯುಗಾದಿಗೆ ಬಂದು ತೋರಸ್ತೇವಿ."

"ಯುಗಾದಿ ತನಕ ಅದು ಸುಮ್ನ ಕೂಡ್ತದೇನು?"

"ನನಗ ನೋವೇ ಇಲ್ಲ. ನೋವಿಲ್ಲದ್ದನ್ನ ಯಾಕ ಕೊಯ್ಸಬೇಕು?" ಒಲೆಯ ಮುಂದಿನಿಂದ ಅವಳು ಕೇಳಿದಳು.

"ನಮ್ಮ ಅಕ್ಕಗೂ ನೋವಿರಲಿಲ್ಲ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಅಕ್ಕ ಕಡೀಕ ಏನ್ ತಿಂತಿದ್ಲು?"

"ಗಂಜಿ. ಮೂಗಿನ ನಳಿಗ್ಯಾಗ."

"ರೊಟ್ಟಿ?"

"ಒಂಬತ್ತು ತಿಂಗಳು ಮುಟ್ಟಲಿಲ್ಲ."

ಅವಳು ಹಿಟ್ಟಿನ ಕೈಯಲ್ಲೇ ಹಂಚು ಕೆಳಗಿಳಿಸಿದಳು. ಆಮೇಲೆ ಗಂಡನಿಗೆ ಹೇಳಿದಳು, "ನಿನ್ನ ತಮ್ಮನ್ನ ಕರ್ಕೊಂಡ್ ಹೋಗು."

"ಅವಗ ಹೊರಿ ಕಟ್ಟಾಕ ಬರಂಗಿಲ್ಲ."

"ಕಲೀತಾನ. ನಾ ಏನ್ ಹೊಟ್ಯಾಗ ಇದ್ದಾಗ ಕಲ್ತು ಬಂದೀನೇನು?"

ಮುಕಾದಮ ಎರಡು ದಿನ ಗೊಣಗಿದ. ಮೂರನೆಯ ದಿನ ಒಪ್ಪಿದ. ಟ್ರಕ್ ಹೊರಟ ಮುಂಜಾನೆ ಅವಳು ಗಂಡನಿಗೆ ರೊಟ್ಟಿ ಕಟ್ಟಿಕೊಟ್ಟು, ಅದೇ ಹೊತ್ತಿಗೆ ನನ್ನ ಜೊತೆ ಕಲಬುರಗಿಯ ಬಸ್ ಹತ್ತಿದಳು. ತುಟಿಗೆ ಇಂಜೆಕ್ಷನ್ ಕೊಟ್ಟು, ಜೋಳದ ಕಾಳಿನಷ್ಟು ಚೂರು ತೆಗೆದು, ಚಿಕ್ಕ ಬಾಟಲಿಯಲ್ಲಿ ಹಾಕಿ ಹೆಸರು ಬರೆದರು. ಹೆಸರು, ತಂದೆಯ ಹೆಸರು, ಊರು ಸರಿ ಇವೆಯೇ ಎಂದು ನಾನು ಎರಡು ಸಲ ಓದಿದೆ. ಹಾಳೆಯಲ್ಲಿ ತಂಬಾಕಿನ ಸಾಲು ಬಂದಾಗ ಅವಳು ನನಗಿಂತ ಮೊದಲೇ ಹೇಳಿದಳು: "ಮಿಸ್ರಿ ಬರ್ಕೊಳ್ರಿ. ಹದಿನಾಲ್ಕು ವರ್ಷ ಆಯ್ತು."

ವರದಿ ಹನ್ನೊಂದನೆಯ ದಿನ ಬಂತು. ಕ್ಯಾನ್ಸರ್ ಆಗಿಲ್ಲ, ಆದರೆ ಆಗುವ ಕಡೆಗೆ ತಿರುಗಿದೆ ಎಂದು ವೈದ್ಯರು ಬಿಡಿಸಿ ಹೇಳಿದರು. ಬಿಳಿ ಇದ್ದ ಚರ್ಮವನ್ನು ಪೂರ್ತಿ ತೆಗೆದು ಹೊಲಿದರು. ದವಡೆಗೆ ಕೈ ಹಚ್ಚಲಿಲ್ಲ. ಮೂರು ವಾರಕ್ಕೆ ಅವಳು ಮೆತ್ತಗಿನ ರೊಟ್ಟಿ ತಿಂದಳು. ಎರಡು ತಿಂಗಳಿಗೊಮ್ಮೆ ತೋರಿಸಬೇಕು. ಮೊದಲನೆಯ ಸಲ ಹೋಗಿ ಬಂದಿದ್ದೇವೆ. ಮಿಸ್ರಿ ಬಿಟ್ಟಿದ್ದಾಳೆ. ತಲೆ ನೋವು ಬಂದಾಗ ನಮ್ಮ ಮನೆಗೆ ಬಂದು ನನ್ನನ್ನು ಬೈದು ಹೋಗುತ್ತಾಳೆ. ಅಕ್ಕ ಇದ್ದಾಗ ಕೂತುಕೊಳ್ಳುತ್ತಿದ್ದ ಕಡೆಗೇ ಕೂತು ಬೈಯುತ್ತಾಳೆ.

ಓಣಿಯಲ್ಲಿ ಉಳಿದವರದು ಮುಗಿದಿದೆ. ಡಬ್ಬಿ ವಾಪಸ್ ಬೇಡ ಎಂದವರು ಐವರು. ಮಿಕ್ಕವರು ಇಸಿದುಕೊಂಡರು, ನಾನು ಕೊಟ್ಟೆ. ಪಕ್ಕದ ತಾಂಡಾದ ಆಶಾ ಈಗ ಹಾಗೇ ಸಂಜೆ ಡಬ್ಬಿ ಇಸಿದುಕೊಳ್ಳುತ್ತಿದ್ದಾಳೆ.

ನಾನು ಬಾಯಿ ಸ್ವಚ್ಛ ಮಾಡಿಕೊಂಡು ಬನ್ನಿ ಎಂದದ್ದಕ್ಕೆ ಕಪ್ಪು ಬಾಯಿಯಲ್ಲಿ ಬಂದು, ನೋಡಿಸಿಕೊಳ್ಳದೆ ಮೊದಲ ಟ್ರಕ್ಕಿಗೆ ಹೋದ ನಾಲ್ವರು ಹೆಂಗಸರು ಈಗ ಸೊಲ್ಲಾಪುರದ ಆಚೆ ಎಲ್ಲೋ ಕಬ್ಬಿನ ಗದ್ದೆಯಲ್ಲಿದ್ದಾರೆ. ಯುಗಾದಿಗೆ ಇನ್ನೂ ಎರಡು ತಿಂಗಳಿದೆ. ಅವರ ಬಾಯಿಯನ್ನು ಇನ್ನೂ ಯಾರೂ ನೋಡಿಲ್ಲ.